ಏರು ಕೊಡುವ ಕೈ

ಎಣ್ಣೆಗೆ ಬುದ್ಧಿ ಬಂದರೆ ಹೇಗಿರುತ್ತದೆ ಎಂದು ಆ ಕಾಲದಲ್ಲಿ ಯಾರಾದರೂ ಕೇಳಿದ್ದರೆ, ಡಿಪೋ ಓಣಿಯ ಜನ ದೇಮಣ್ಣನ ಮನೆಯತ್ತ ಕೈ ತೋರಿಸುತ್ತಿದ್ದರು. ಹಳಿಯಾಳದ ಕಡೆಯ ಆ ಓಣಿಗೆ ಡಿಪೋ ಎಂಬ ಹೆಸರಷ್ಟೇ ಉಳಿದಿತ್ತು. ನಾಟಾ ತುಂಬಿದ ಲಾರಿಗಳು ಬರುವುದು ನಿಂತು, ದಿಮ್ಮಿ ಕೊಯ್ಯುತ್ತಿದ್ದ ಗುಂಡಿಗಳಲ್ಲಿ ಕಸ ಬಿದ್ದು, ಆ ಕಸದ ಮೇಲೆ ಮನೆಗಳೂ ಎದ್ದಿದ್ದವು.

ದೇಮಣ್ಣನ ಪಡಸಾಲೆಯಲ್ಲಿ, ಅವನ ಮಂಚಕ್ಕೆ ತಗುಲಿದಂತೆ, ಒಂದು ಪೆಟ್ಟಿಗೆ ಕೂತಿತ್ತು. ಅದರ ನಡುವಿನಿಂದ ಉಕ್ಕಿನ ಸರಳು ಮೇಲೆದ್ದು, ಸರಳಿನ ತುದಿಗೆ ಅಡ್ಡವಾಗಿ ಒಂದು ಹಿಡಿ. ಪೆಟ್ಟಿಗೆಯ ಹೊಟ್ಟೆಯಲ್ಲಿ ಎಣ್ಣೆ. ಎಣ್ಣೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಪುಡಿ. ಸುತ್ತಿದ ತಂತಿಯಲ್ಲಿ ಕರೆಂಟು ಹರಿದರೆ ಪುಡಿಯೆಲ್ಲ ಸಾಲುಗಟ್ಟಿ ನಿಂತು, ಎಣ್ಣೆ ಚಳಿಗಾಲದ ತುಪ್ಪದಂತೆ ಬಿಗಿಯುತ್ತಿತ್ತು. ಕರೆಂಟು ಇಳಿದರೆ ನೀರಿನಂತೆ ಸಡಿಲ. ಹಿಡಿ ಹಿಡಿದ ಕೈಗೆ ಎಷ್ಟು ಕಸುವಿದೆ ಎಂದು ಪೆಟ್ಟಿಗೆ ತಾನೇ ಅಳೆದುಕೊಂಡು, ಅಷ್ಟಕ್ಕೆ ತಕ್ಕಷ್ಟು ಮಾತ್ರ ಎದುರು ನಿಲ್ಲುತ್ತಿತ್ತು. ನಿನ್ನೆ ಕೈ ಸೋತಿದ್ದರೆ ಇಂದು ಎಣ್ಣೆ ಸಡಿಲ, ನಿನ್ನೆ ಗೆದ್ದಿದ್ದರೆ ಇಂದು ತುಸು ಬಿಗಿ. ಜನ ಅದನ್ನು ಎಣ್ಣೆಪೆಟ್ಟಿಗೆ ಎನ್ನುತ್ತಿದ್ದರು.

ದೇಮಣ್ಣನಿಗೆ ಲಕ್ವಾ ಹೊಡೆದದ್ದು ಹೋಳಿ ಹುಣ್ಣಿಮೆ ಮುಗಿದ ವಾರ. ಬಚ್ಚಲಲ್ಲಿ ಬಿದ್ದವನನ್ನು ಎತ್ತಿ ತಂದಾಗ ಬಲಗೈ ಪೂರ್ತಿ ಹೋಗಿತ್ತು, ಬಲಗಾಲು ಅರ್ಧ ಹೋಗಿತ್ತು. ಮಾತು ಮೊದಲು ತೊದಲಿ, ಆಮೇಲೆ ಸರಿಯಾಯಿತು. ಮಂಚದ ಮೇಲೆ ಜಂತಿಗೆ ಒಂದು ಹಗ್ಗ ಕಟ್ಟಿದರು. ಎಡಗೈಯೊಂದರಿಂದ ಅದನ್ನು ಹಿಡಿದು ಎಳೆದರೆ ದೊಡ್ಡ ದೇಹ ಬಲಕ್ಕೆ ಮಗುಚಿಕೊಳ್ಳುತ್ತಿತ್ತು. ಎರಡೂ ಕೈ ಹಿಡಿದರೆ ಮಾತ್ರ ಏಳಬಹುದು. ಹೆಂಡತಿ ರುಕ್ಮವ್ವ ಅವನ ಹೆಗಲಿಗೂ ಬಾರದ ಹೆಂಗಸು, ಬೆನ್ನು ಬೇರೆ ಬಾಗಿತ್ತು. ಮಕ್ಕಳಾಗಿರಲಿಲ್ಲ.

ಆಗ ಒಂದು ಕಾಯಿದೆ ಬಂದಿತ್ತು. ಹಾಸಿಗೆಯಿಂದ ತಾನಾಗಿ ಏಳಲಾರದವರು, ದಿನವೂ ಏಳಿಸುವವರು ಇಲ್ಲದವರು, ಆರು ತಿಂಗಳು ನೋಡಿ ಆಸರೆಮನೆಗೆ ಹೋಗಬೇಕು. ಕೆಟ್ಟ ಜಾಗವೇನಲ್ಲ. ಅಲ್ಲಿ ಊಟವಿತ್ತು, ಔಷಧವಿತ್ತು, ಮಡಿ ಹಾಸಿಗೆಯಿತ್ತು. ಗಂಡಸರ ಕಟ್ಟಡ ಬೇರೆ, ಹೆಂಗಸರ ಕಟ್ಟಡ ಬೇರೆ. ಗಟ್ಟಿಯಿರುವ ಹೆಂಡತಿಗೆ ಮಾತ್ರ ಯಾವ ಕಟ್ಟಡವೂ ಇಲ್ಲ. ಹೋದವರು ತಿರುಗಿ ಬಂದದ್ದನ್ನು ಓಣಿ ನೋಡಿರಲಿಲ್ಲ.

ಹಗ್ಗವನ್ನು ಎರಡು ಕೈಯಲ್ಲಿ ಹಿಡಿದು ಏಳುವುದು, ದೇಮಣ್ಣನಿಗೆ ಬೇಕಾಗಿದ್ದದ್ದು ಅಷ್ಟೇ.

ಪೆಟ್ಟಿಗೆ ತಂದವಳು ನಿಲೋಫರ್ ಮುಲ್ಲಾ. ಪುನಶ್ಚೇತನ ಕೇಂದ್ರದ ಡಾಕ್ಟರು, ಅದನ್ನು ಕಟ್ಟಿದವರಲ್ಲಿ ಒಬ್ಬಳು. ಮಿದುಳಿನಲ್ಲಿ ಸತ್ತ ಜಾಗದ ಕೆಲಸವನ್ನು ಪಕ್ಕದ ಜಾಗ ಕಲಿಯಬಲ್ಲದು, ಆದರೆ ಆ ಬಾಗಿಲು ಮೊದಲ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ ಎಂದು ಅವಳು ಕೂತು ವಿವರಿಸಿದಳು. ಕೈ ತನ್ನ ಕಸುವಿನ ಅಂಚಿನಲ್ಲೇ ದುಡಿಯಬೇಕು. ತೀರ ಹಗುರಾದರೆ ಮಿದುಳು ಮಲಗುತ್ತದೆ, ತೀರ ಭಾರವಾದರೆ ಆ ಕೈಯನ್ನು ಕರೆಯುವುದನ್ನೇ ಬಿಡುತ್ತದೆ. ಎಣ್ಣೆ ಆ ಅಂಚನ್ನು ಕಾಯುತ್ತದೆ. ರುಕ್ಮವ್ವ ತಲೆಯಾಡಿಸುತ್ತ ಕೇಳಿದಳು. ಕೊನೆಗೆ, ಜೀವಮಾನವಿಡೀ ಮರ ಕೊಯ್ದಾಯ್ತು, ಈಗ ಎಣ್ಣಿ ಕೊಯ್ಯಾಕ ಹತ್ತೀರಿ ಎಂದು ಗಂಡನಿಗೆ ಚುಚ್ಚಿದಳು.

ಮೊದಮೊದಲು ದೇಮಣ್ಣ ಪೆಟ್ಟಿಗೆಯನ್ನು ದ್ವೇಷಿಸಿದ. ಬಲಗೈಯನ್ನು ಪಟ್ಟಿಯಿಂದ ಹಿಡಿಗೆ ಕಟ್ಟಿ, ಮೇಲಕ್ಕೆ ಎಳೆಯಿರಿ, ಕೆಳಕ್ಕೆ ಒತ್ತಿರಿ ಎಂದು ಅದು ಹೇಳುತ್ತಿತ್ತು. ಅವನು ಇದ್ದಷ್ಟು ಕಸುವಿನಿಂದ ಮೇಲಕ್ಕೆ ಎಳೆದು, ಆಮೇಲೆ ಕೈ ಸಡಿಲ ಬಿಟ್ಟು ಕಾಯುತ್ತಿದ್ದ. ಪೆಟ್ಟಿಗೆಯೂ ಕಾಯುತ್ತಿತ್ತು. ಅವನಿಗೆ ಸಿಟ್ಟು ಬಂತು. ಇದು ಸತ್ತದ್ದು, ಎದುರಿಗೆ ಯಾರೂ ಇಲ್ಲ ಎಂದು ಮುಖ ತಿರುಗಿಸಿದ.

ಅವನು ಹೇಳಿದ್ದನ್ನು ನಿಲೋಫರಳಿಗೆ ಬಿಡಿಸಿ ತಿಳಿಸಿದವನು ಬಸ್ತ್ಯಾಂವ. ಎದುರು ಮನೆಯವನು, ಹೆಂಡತಿ ತೀರಿಕೊಂಡಿದ್ದಳು. ಅವನೂ ದೇಮಣ್ಣನೂ ಪ್ರಾಯದಿಂದ ಒಂದೇ ಗರಗಸದ ಎರಡು ತುದಿ. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಹಾಕಿ, ಕೆಮ್ಮಣ್ಣಿನ ದಾರ ಹೊಡೆದು ಗೆರೆ ಎಳೆದು, ಮೇಲೆ ದೇಮಣ್ಣ ನಿಲ್ಲುತ್ತಿದ್ದ, ಗುಂಡಿಯಲ್ಲಿ ಬಸ್ತ್ಯಾಂವ. ಮೇಲಿನವನು ಗರಗಸ ಎತ್ತುತ್ತಾನೆ, ಕೆಳಗಿನವನು ಜಗ್ಗುತ್ತಾನೆ. ಯಾರೂ ಒತ್ತುವುದಿಲ್ಲ, ಒತ್ತಿದರೆ ಅಲಗು ಬಾಗುತ್ತದೆ. ತನ್ನ ಎಳೆತ ಎಳೆದು ಬಿಟ್ಟುಬಿಡಬೇಕು, ಉಳಿದದ್ದು ಎದುರಿನವನ ಕೆಲಸ.

ನಿಲೋಫರ್ ಒಳ್ಳೆಯ ಕೆಲಸಗಾತಿ. ಕೇಳಿದ್ದನ್ನು ಅಲ್ಲಿಗೇ ಬಿಡಲಿಲ್ಲ. ಬಸ್ತ್ಯಾಂವನನ್ನು ಕಾರಿನಲ್ಲಿ ಕೇಂದ್ರಕ್ಕೆ ಕರೆದೊಯ್ದು, ಒಂದು ಹಿಡಿ ಕೊಟ್ಟು, ಮುಂಜಾನೆಯೆಲ್ಲ ಜಗ್ಗಿಸಿದಳು. ಅವನ ಜಗ್ಗು ಎಲ್ಲಿ ಶುರುವಾಗುತ್ತದೆ, ಎಲ್ಲಿ ಬಿಗಿಯುತ್ತದೆ, ಎಲ್ಲಿ ಬಿಡುತ್ತದೆ, ಎಲ್ಲವನ್ನೂ ಯಂತ್ರ ಹಿಡಿದಿಟ್ಟುಕೊಂಡಿತು. ನಡುನಡುವೆ ಸಣ್ಣದೊಂದು ಕಂಪನ ಬರುತ್ತಿತ್ತು. ವಯಸ್ಸಾದವರ ಕೈ ನಡುಕ ಎಂದು ಅದನ್ನು ಅಳಿಸಿ ನಯ ಮಾಡಿದಳು. ಬಸ್ತ್ಯಾಂವ ಓಣಿಗೆ ಮರಳಿ, ನನ್ನ ಕೈ ಪೆಟ್ಟಿಗ್ಯಾಗ ಹೋತು, ಇನ್ನ ನನ್ನ ಊಟಾನೂ ಅದಕ್ಕ ಬಡಸ್ರಿ ಎಂದು ಎಲ್ಲರನ್ನೂ ನಗಿಸಿದ.

ಪೆಟ್ಟಿಗೆ ಹೊಸ ಬುದ್ಧಿ ಕಲಿತು ಬಂದ ದಿನ, ದೇಮಣ್ಣ ಎಡಗೈಯ ಬೆರಳಗಂಟಿನಿಂದ ಹಿಡಿಗೆ ಎರಡು ಸಲ ಕುಟ್ಟಿದ. ಕೊಯ್ಯಲು ಶುರು ಮಾಡುವ ಮುಂಚೆ ಮೇಲಿನವನು ಕೆಳಗಿನವನಿಗೆ ಕೊಡುತ್ತಿದ್ದ ಸೂಚನೆ ಅದು. ಬಲಗೈ ತುಸು ಎಳೆಯಿತು. ಬಿಟ್ಟಿತು. ಎಣ್ಣೆಯೊಳಗಿನಿಂದ ಬಸ್ತ್ಯಾಂವನ ಜಗ್ಗು ಹಿಡಿಯನ್ನು ಕೆಳಕ್ಕೆ ಕೊಂಡೊಯ್ದಿತು. ದೇಮಣ್ಣ ಕಣ್ಣು ಮುಚ್ಚಿಕೊಂಡ.

"ಇವನ ಕೈ," ಅಂದ. "ಇದು ಇವಂದ ಕೈ."

ಆಮೇಲೆ ಅವನನ್ನು ಪೆಟ್ಟಿಗೆಯಿಂದ ಬಿಡಿಸುವುದೇ ಕಷ್ಟವಾಯಿತು. ದಿನವೂ ಬೆಳಿಗ್ಗೆ ಬಸ್ತ್ಯಾಂವ ಬಂದು ಮಂಚದ ಎದುರು ನೆಲದ ಮೇಲೆ, ಗುಂಡಿಯಲ್ಲಿ ಇದ್ದಂತೆ, ಮುಖ ಮೇಲೆ ಮಾಡಿ ಕೂರುತ್ತಿದ್ದ. ಮಾತಿಲ್ಲ. ಕೊಯ್ಯುವಾಗ ಅವರು ಮಾತಾಡಿದವರಲ್ಲ.

ಕೇಂದ್ರದ ಕೋಣೆಯಲ್ಲಿ ಗೋಡೆ ತುಂಬ ಗೆರೆಗಳು. ಒಂದೊಂದು ಗೆರೆ ಒಂದೊಂದು ಮನೆಯ ಕೈ. ನಿಲೋಫರಳ ಪಾಲಿಗೆ ಬಂದ ಮನೆಗಳೇ ಅರವತ್ತರ ಮೇಲೆ. ಎಲ್ಲ ಕಡೆ ಹೋಗಿ ನೋಡುವುದು ಆಗುವ ಮಾತಲ್ಲ. ಮನೆಮಂದಿ ಕರುಣೆಯಿಂದ ಹಿಡಿಗೆ ತಮ್ಮ ಕೈ ಹಚ್ಚುವುದು ಎಲ್ಲೆಲ್ಲೂ ನಡೆಯುತ್ತಿತ್ತು. ಅದಕ್ಕೆ ಅವಳು ಒಂದು ಕಾವಲು ಇಟ್ಟಿದ್ದಳು. ಇಬ್ಬರು ಒಂದು ಹಿಡಿಯನ್ನು ಎಳೆದರೆ ಅವರ ತಾಳ ಎಷ್ಟೇ ಹತ್ತಿರವಿದ್ದರೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅದು ಕಂಡ ಕೂಡಲೇ ಪೆಟ್ಟಿಗೆ ಗುಂಯ್ಗುಟ್ಟುತ್ತಿತ್ತು, ಗೋಡೆಯ ಮೇಲಿನ ಗೆರೆ ಕೆಂಪಾಗುತ್ತಿತ್ತು. ಮುಂಡಗೋಡಿನ ಒಬ್ಬ ಸೊಸೆಯನ್ನೂ ದಾಂಡೇಲಿಯ ಒಬ್ಬ ಮಗನನ್ನೂ ಅದು ಹಾಗೆ ಹಿಡಿದುಕೊಟ್ಟಿತ್ತು.

ದೇಮಣ್ಣನ ಗೆರೆ ಯುಗಾದಿಯ ಹೊತ್ತಿಗೆ ಹುಟ್ಟಿ, ಮೆಲ್ಲಗೆ ಏರಿ, ಬಸವ ಜಯಂತಿ ಕಳೆದ ಮೇಲೆ ನಿಂತುಬಿಟ್ಟಿತು. ಹೀಗೆ ನಿಲ್ಲುವುದುಂಟು, ಎಣ್ಣೆ ಸಡಿಲವಾಗಿ, ಕೈ ದಣಿವಾರಿಸಿಕೊಂಡು, ಗೆರೆ ಮತ್ತೆ ಏಳುತ್ತದೆ. ನಿಲೋಫರ್ ಇದನ್ನೂ ಮೊದಲ ದಿನವೇ ಹೇಳಿದ್ದಳು. ಆದರೆ ಹೇಳಿದ್ದಕ್ಕಿಂತ ಸಂತೆಯಲ್ಲಿ ಕೇಳಿದ್ದು ಗಟ್ಟಿಯಾಗಿ ಕೂರುತ್ತದೆ. ಗೆರೆ ಏರದ ಮನೆಯಿಂದ ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾರಂತೆ, ಸಾಲಿನಲ್ಲಿ ಇನ್ನೂ ಎಷ್ಟೋ ಮಂದಿ ಕಾದಿದ್ದಾರಂತೆ ಎಂದು ರುಕ್ಮವ್ವ ಕೇಳಿಬಂದಳು. ಅಂದು ದೇಮಣ್ಣನ ಕೈ ಅರ್ಧಕ್ಕೆ ನಿಂತಿತು. ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಸೇರಿತು.

ಗರಗಸದವರಲ್ಲಿ ಒಂದು ರೀತಿಯಿತ್ತು. ಮೇಲಿನವನಿಗೆ ಜ್ವರವೋ ಉಪವಾಸವೋ ಆಗಿ ಎತ್ತುವ ಕೈ ಸೋತರೆ, ಕೆಳಗಿನವನು ಜಗ್ಗಿ ಬಿಟ್ಟ ಮೇಲೆ ಸುಮ್ಮನಿರದೆ ಅಂಗೈಯಿಂದ ಗರಗಸಕ್ಕೆ ತುಸು ಆನಿಕೆ ಕೊಡುತ್ತಿದ್ದ. ಒತ್ತಿದಂತೆ ಅಲ್ಲ, ಗರಗಸದ ಭಾರವಷ್ಟನ್ನೇ ತಾನು ಹೊತ್ತುಕೊಂಡಂತೆ. ಅದಕ್ಕೆ ಏರು ಕೊಡುವುದು ಎನ್ನುತ್ತಿದ್ದರು. ಗುತ್ತಿಗೆದಾರನಿಗೆ ಅದು ಕಾಣಬಾರದು. ಅದಕ್ಕಿಂತ ಮುಖ್ಯ, ಮೇಲಿನವನಿಗೆ ಗೊತ್ತಾಗಬಾರದು. ಗೊತ್ತಾಗುವಂತೆ ಏರು ಕೊಡುವವನ ಜೊತೆ ಯಾರೂ ಎರಡನೆಯ ದಿಮ್ಮಿ ಹತ್ತುತ್ತಿರಲಿಲ್ಲ. ಕೊಟ್ಟದ್ದನ್ನು ಬಾಯಿಬಿಟ್ಟು ಹೇಳಿದವನನ್ನು ಹತ್ತಿರವೂ ಸೇರಿಸುತ್ತಿರಲಿಲ್ಲ.

ಬಸ್ತ್ಯಾಂವ ನೆಲದ ಮೇಲೆ ಕೂತವನು ಕೂತಂತೆಯೇ ಹಿಡಿಯ ಅಡಿಗೆ, ಕಣ್ಣು ಮುಚ್ಚಿ ಎಳೆಯುತ್ತಿದ್ದ ದೇಮಣ್ಣನಿಗೆ ಕಾಣದಂತೆ, ಅಂಗೈ ಆನಿಸಿದ.

ಪೆಟ್ಟಿಗೆ ಗುಂಯ್ಗುಟ್ಟಲಿಲ್ಲ. ಆ ಇಬ್ಬರ ಎಳೆತದಲ್ಲಿ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಎಣ್ಣೆಗೆ ಅದು ಒಂದೇ ಕೈ.

ರುಕ್ಮವ್ವ ಒಲೆಯ ಹತ್ತಿರದಿಂದ ನೋಡಿದಳು. ನೋಡಿ, ಆ ದಿನ ಬಸ್ತ್ಯಾಂವನ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದಳು. ಅವರಿಬ್ಬರ ನಡುವೆ ಆ ವಿಷಯದಲ್ಲಿ ನಡೆದ ಮಾತುಕತೆಯೆಂದರೆ ಅಷ್ಟೇ.

ಮಳೆಗಾಲವಿಡೀ ಗೆರೆ ಏರಿತು. ನಿಲೋಫರ್ ಅದನ್ನು ಬೇರೆ ಡಾಕ್ಟರುಗಳಿಗೆ ಕರೆದು ತೋರಿಸಿದಳು. ಪರಿಚಿತ ಕೈ ಎದುರಿಗಿದ್ದರೆ ಮಿದುಳು ಬೇಗ ಕಲಿಯುತ್ತದೆ ಎಂದಳು. ಎಲ್ಲ ಪೆಟ್ಟಿಗೆಗೂ ಅವರವರ ಗಂಡನ, ಹೆಂಡತಿಯ, ಜೊತೆಗಾರರ ಕೈ ತುಂಬಿಸುವ ಯೋಜನೆ ಶುರುವಾಯಿತು. ಗೆರೆ ಏರಿದಷ್ಟೂ ಪೆಟ್ಟಿಗೆ ಎಣ್ಣೆಯನ್ನು ಬಿಗಿ ಮಾಡಿತು. ಎಣ್ಣೆ ಬಿಗಿಯಾದಷ್ಟೂ ಬಸ್ತ್ಯಾಂವ ಏರು ಹೆಚ್ಚು ಕೊಟ್ಟ. ಮನೆಗೆ ಹೋಗಿ ಹೆಗಲಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಿದ್ದ. ನಡುವೆ ದೇಮಣ್ಣನ ಬಲಗೈ, ತನ್ನಿಂದಾಗದ ಭಾರದ ಎದುರು ದಿನವೂ ಕಟ್ಟಿಸಿಕೊಂಡು, ಹಿಡಿಯ ಜೊತೆ ಮೇಲೆ ಕೆಳಗೆ ಹೋಗಿಬರುತ್ತಿತ್ತು.

ದೇಮಣ್ಣ ಮಾತ್ರ ಖುಷಿಯಲ್ಲಿದ್ದ. ಕೈ ತಿರುಗಿ ಬರುತ್ತಿದೆ ಎಂದು ನಂಬಿದ್ದ. ಹಗ್ಗವನ್ನು ಈಗಲೇ ಮುಟ್ಟುವುದಿಲ್ಲ, ಪೂರ್ತಿ ಕಸುವು ಬಂದ ಮೇಲೆ ಒಂದೇ ಸಲಕ್ಕೆ ಎದ್ದು ತೋರಿಸುತ್ತೇನೆ ಎಂದು ಹಟ ಹಿಡಿದಿದ್ದ. ರುಕ್ಮವ್ವ ಹಗ್ಗದ ಗಂಟನ್ನು ಬಿಗಿ ಮಾಡಿ ಇಟ್ಟಿದ್ದಳು.

ಗಣೇಶ ಚೌತಿಯ ಹಿಂದಿನ ದಿನ ಬಸ್ತ್ಯಾಂವನಿಗೆ ಜ್ವರ ಬಂತು. ಎದುರು ಮನೆಯಲ್ಲಿ ಅವನು ಕಂಬಳಿ ಹೊದ್ದು ಮಲಗಿದ್ದಾಗ, ಇಲ್ಲಿ ದೇಮಣ್ಣ ಹಿಡಿಗೆ ಎರಡು ಸಲ ಕುಟ್ಟಿ ಎಳೆದ. ಹಿಡಿ ಅಲುಗಲಿಲ್ಲ. ಮತ್ತೆ ಎಳೆದ. ಎಣ್ಣೆ ಕಲ್ಲಾಗಿತ್ತು. ಪೆಟ್ಟಿಗೆ ಕೆಟ್ಟಿದೆ ಎಂದು ರುಕ್ಮವ್ವನಿಗೆ ಹೇಳಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಗೋಡೆಯ ಮೇಲೆ ಗೆರೆ ಒಮ್ಮೆಗೇ ಬಿದ್ದುಹೋದದ್ದನ್ನು ಕಂಡು, ಎರಡನೆಯ ಸಲ ಲಕ್ವಾ ಹೊಡೆದಿರಬೇಕೆಂದು ನಿಲೋಫರ್ ಓಡಿ ಬಂದಳು. ಕಣ್ಣು ನೋಡಿದಳು, ನಾಲಗೆ ನೋಡಿದಳು, ಕಾಲು ನೋಡಿದಳು. ಹೊಸದೇನೂ ಆಗಿರಲಿಲ್ಲ. ಬಲಗೈಯನ್ನು ಪಟ್ಟಿಯಿಂದ ಬಿಡಿಸಿ ತನ್ನ ಅಂಗೈ ಮೇಲಿಟ್ಟುಕೊಂಡು, ಬೆರಳು ಮಡಚಿರಿ ಎಂದಳು. ದೇಮಣ್ಣ ಮಡಚಿದೆ ಎಂದುಕೊಂಡ. ಬೆರಳು ಹಾಗೆಯೇ ಇದ್ದವು. ಯುಗಾದಿಯಲ್ಲಿ ಇದ್ದದ್ದೂ ಈಗ ಇರಲಿಲ್ಲ.

ಅವಳು ಕೇಂದ್ರಕ್ಕೆ ಮರಳಿದಳು. ಅಂದು ಸಂಜೆ ಎಲ್ಲರೂ ಹಬ್ಬಕ್ಕೆ ಹೊರಟ ಮೇಲೆ, ಆಗ ಹಿಡಿದಿಟ್ಟಿದ್ದ ಬಸ್ತ್ಯಾಂವನ ಜಗ್ಗನ್ನು, ತಾನು ನಯ ಮಾಡುವ ಮೊದಲಿನದನ್ನು, ಯಂತ್ರದಲ್ಲಿ ಹಾಕಿ ತಾನೇ ಹಿಡಿ ಹಿಡಿದಳು. ಜಗ್ಗು. ಬಿಡುವು. ಆ ಬಿಡುವಿನಲ್ಲಿ, ಅವಳ ಕೈ ಮೇಲಕ್ಕೆ ಎತ್ತಬೇಕಾದ ಹೊತ್ತಿಗೆ ಸರಿಯಾಗಿ, ಕೆಳಗಿನಿಂದ ಯಾರೋ ಭಾರ ಹೊತ್ತುಕೊಂಡಂತೆ ಹಿಡಿ ಹಗುರಾಯಿತು. ಮತ್ತೆ ಜಗ್ಗು. ಮತ್ತೆ ಅದೇ. ನಡುಕವೆಂದು ಅವಳು ಅಳಿಸಿದ್ದು ಅದನ್ನು. ಎದುರಿಗೆ ಯಾರೂ ಇಲ್ಲದ ಯಂತ್ರಕ್ಕೂ ಆ ಮನುಷ್ಯ ಮೊದಲ ದಿನವೇ ಏರು ಕೊಟ್ಟಿದ್ದ. ಆ ಏರಿನ ಗುರುತು ಹಿಡಿದು, ಮಳೆಗಾಲದ ಗೆರೆಯಲ್ಲಿ ಯಾರ ಪಾಲು ಎಷ್ಟು ಎಂದು ಬೇರೆ ಮಾಡಲು ಕೂತಳು. ಬೇರೆ ಮಾಡಿದ ಮೇಲೆ ದೇಮಣ್ಣನದೆಂದು ಉಳಿದ ಗೆರೆ ಬಸವ ಜಯಂತಿಯಿಂದ ಇಳಿಯುತ್ತ ಹೋಗಿ, ಆಷಾಢದಲ್ಲಿ ನೆಲ ಮುಟ್ಟಿತ್ತು. ಆಮೇಲಿನದೆಲ್ಲ ಬಸ್ತ್ಯಾಂವ ಒಬ್ಬನೇ ಕೊಯ್ದದ್ದು.

ಹಬ್ಬ ಮುಗಿದ ಮೇಲೆ ಅವಳು ಬಂದಾಗ ಬಸ್ತ್ಯಾಂವ ಜ್ವರ ಬಿಟ್ಟು ಎದ್ದು ಅಲ್ಲೇ ಕೂತಿದ್ದ. ಚಹಾಕ್ಕೆ ಹಾಲಿಲ್ಲವೆಂದು ರುಕ್ಮವ್ವ ಅವನನ್ನು ಅಂಗಡಿಗೆ ಕಳಿಸಿದಳು. ಹಾಲು ಮನೆಯಲ್ಲಿತ್ತು.

ನಿಲೋಫರ್ ಮುಚ್ಚುಮರೆಯಿಲ್ಲದೆ ಹೇಳಿದಳು. ಬಸ್ತ್ಯಾಂವ ಕೈ ಹಚ್ಚದೆ ಇದ್ದಿದ್ದರೆ ಎಣ್ಣೆ ತಾನಾಗಿ ಸಡಿಲವಾಗುತ್ತಿತ್ತು, ಕೈ ಮೆಲ್ಲಗೆ ಮೇಲೇಳುತ್ತಿತ್ತು. ಹಗ್ಗ ಹಿಡಿಯುವಷ್ಟು ಖಂಡಿತ ಬರುತ್ತಿತ್ತು. ಆ ಬಾಗಿಲು ಈಗ ಮುಚ್ಚಿದೆ. ಮತ್ತೆ ಸಡಿಲ ಎಣ್ಣೆಯಿಂದ ಶುರು ಮಾಡಬಹುದು, ಆದರೆ ಆಸೆ ಹುಟ್ಟಿಸುವುದಕ್ಕೆ ತನಗೆ ಬಾಯಿ ಬರುವುದಿಲ್ಲ ಎಂದಳು. ರುಕ್ಮವ್ವ ಒಲೆಯ ಹತ್ತಿರ ಹೋಗಿ ಕೂತಳು. ತಾನು ನೋಡಿದ್ದೆನೆಂದು ಅವಳಾಗಿ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ದೇಮಣ್ಣ ಹಗ್ಗವನ್ನು ನೋಡಿದ. ಗುಂಡಿಯಲ್ಲಿ ಇಷ್ಟು ವರ್ಷ ಬಸ್ತ್ಯಾಂವ ಎಷ್ಟು ಸಲ ಏರು ಕೊಟ್ಟಿದ್ದನೋ, ತನಗೆ ಒಂದು ಸಲವೂ ಗೊತ್ತಾಗಿರಲಿಲ್ಲ ಎಂದ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಅವಂಗ ಹೇಳಬ್ಯಾಡ್ರಿ, ಡಾಕ್ಟರಬಾಯಿ."

"ಕಾಕಾ, ಅವ್ರಿಗೂ ತಿಳೀಬೇಕಲ್ಲ. ನಾಳೆ ಮತ್ತ ಕೈ ಹಚ್ಚಿದ್ರ?"

"ಪೆಟಗಿ ಒಯ್ರಿ. ಇಲ್ಲದ್ದಕ್ಕ ಹೆಂಗ ಹಚ್ಚತಾನ? ಮಷೀನ ಕೆಟ್ಟಿತ್ತು ಅನ್ರಿ. ತನ್ನ ಕೈಯಿಂದ ನನ್ನ ಕೈ ಹೋತು ಅಂತ ತಿಳದ್ರ ಅವ ಉಣ್ಣೂದಿಲ್ರಿ."

ಬಸ್ತ್ಯಾಂವ ಹಾಲಿನ ಪ್ಯಾಕೆಟು ಹಿಡಿದು ಹೊಸ್ತಿಲಲ್ಲಿ ನಿಂತಾಗ ನಿಲೋಫರ್ ಎದ್ದು ನಿಂತಳು. ತಪ್ಪು ನಮ್ಮ ಯಂತ್ರದ್ದು ಎಂದು ಅವನಿಗೆ ಹೇಳಿದಳು. ಹೇಳುತ್ತ ಹೇಳುತ್ತ ಅದು ಸುಳ್ಳೂ ಅಲ್ಲವೆಂದು ಅವಳಿಗೆ ಅನ್ನಿಸಿತು. ಬಸ್ತ್ಯಾಂವ ಪೆಟ್ಟಿಗೆಯನ್ನು ಬೈದ. ಅದಕ್ಕೇ ನನ್ನ ಹೆಗಲೂ ಹಿಡಕೊಂಡೈತಿ ಎನ್ನಲು ಹೋಗಿ, ಅರ್ಧಕ್ಕೆ ನುಂಗಿಕೊಂಡು, ಹಾಲನ್ನು ರುಕ್ಮವ್ವನ ಕೈಗಿಟ್ಟ.

ಪೆಟ್ಟಿಗೆ ಹೋಯಿತು. ಆರು ತಿಂಗಳು ತುಂಬಿ, ಆರೋಗ್ಯ ಸೇವಕಿ ಬಂದು, ಏಳಿಸುವವರು ಯಾರು ಎಂದು ಕೇಳಿದಳು.

"ನಾ ಅದೀನಲ್ರೀ," ಬಸ್ತ್ಯಾಂವ ಅಂದ. "ಇಂವ ಮ್ಯಾಲ, ನಾ ಕೆಳಗ. ಹೊಸಾದೇನಲ್ಲ."

ಅವಳು ಅವನ ವಯಸ್ಸು ನೋಡಿದಳು, ಕೈ ನೋಡಿದಳು, ಬಂದು ಪರೀಕ್ಷಿಸುತ್ತಿರುತ್ತೇನೆ ಎಂದು ಒಪ್ಪಿದಳು. ಅಂದಿನಿಂದ ದಿನವೂ ಬೆಳಿಗ್ಗೆ ಬಸ್ತ್ಯಾಂವ ಬಂದು ಮಂಚದ ಪಕ್ಕ ಬಾಗುತ್ತಿದ್ದ. ದೇಮಣ್ಣ ಎಡಗೈಯಿಂದ ಮಂಚದ ಪಟ್ಟಿಗೆ ಎರಡು ಸಲ ಕುಟ್ಟುತ್ತಿದ್ದ. ಬಸ್ತ್ಯಾಂವ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದ.

ದೀಪಾವಳಿಯ ಹೊತ್ತಿಗೆ ಆ ಹೆಗಲು ಮುಗಿದಿತ್ತು. ಎತ್ತುವಾಗ ಅದರೊಳಗೆ ಏನೋ ಕಟಕಟ ಎನ್ನುವುದು ದೇಮಣ್ಣನ ಕಿವಿಗೆ ಬೀಳುತ್ತಿತ್ತು. ಅವನು ಒಂದು ಉಪಾಯ ಕಲಿತ. ಹೊದಿಕೆಯ ಕೆಳಗೆ ಎಡಹಿಮ್ಮಡಿಯನ್ನು ಮಂಚದ ಹೆಣಿಗೆಗೆ ಊರಿ, ಎಡಮೊಣಕೈ ಹಾಸಿಗೆಗೆ ಒತ್ತಿ, ಬಸ್ತ್ಯಾಂವ ಎತ್ತುವ ಗಳಿಗೆಗೆ ಸರಿಯಾಗಿ ತನ್ನ ಭಾರವನ್ನು ತಾನೇ ಆದಷ್ಟು ಹೊತ್ತುಕೊಳ್ಳುವುದು. ಹೊತ್ತದ್ದು ಗೊತ್ತಾಗಬಾರದು. ಅದಾದ ಮೇಲೆ ಅವನ ಎದೆ ಬಹಳ ಹೊತ್ತು ಬಡಿದುಕೊಳ್ಳುತ್ತಿತ್ತು.

"ಹಗುರಾಗಿ ನೋಡು," ಬಸ್ತ್ಯಾಂವ ರುಕ್ಮವ್ವನತ್ತ ತಿರುಗಿ ನಗುತ್ತಿದ್ದ. "ವೈನಿ, ಇವಂಗ ಕೂಳ ಸರಿ ಹಾಕಂಗಿಲ್ಲೇನ ನೀ?"

"ನಿನ್ನ ಕೈಯಾಗ ಇನ್ನೂ ಕಸುವು ಐತೋ ಮಂಗ್ಯಾ," ದೇಮಣ್ಣ ಹೇಳುತ್ತಿದ್ದ.

ರುಕ್ಮವ್ವ ಇಬ್ಬರನ್ನೂ ನೋಡುತ್ತಿದ್ದಳು. ಒಬ್ಬನ ಹೆಗಲು ನಡುಗುವುದೂ ಇನ್ನೊಬ್ಬನ ಹೊದಿಕೆ ನಡುಗುವುದೂ ಒಲೆಯ ಹತ್ತಿರದಿಂದ ಕಾಣುತ್ತಿತ್ತು.

ಚಳಿ ಬಿಗಿಯಾಗಿದ್ದ ಒಂದು ಬೆಳಿಗ್ಗೆ, ಸೇವಕಿ ಬರಬೇಕಾದ ದಿನವೇ, ದೇಮಣ್ಣ ಪಟ್ಟಿಗೆ ಕುಟ್ಟಿದ. ಬಸ್ತ್ಯಾಂವ ಬಾಗಿ ಕೈ ಕೊಟ್ಟ. ಹೊದಿಕೆಯ ಕೆಳಗೆ ಹಿಮ್ಮಡಿ ಊರಿತು. ಇಬ್ಬರೂ ಒಂದೇ ಉಸಿರಿಗೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ, ಏರು ಕೊಟ್ಟರು. ಮಂಚ ಕಿರುಗುಟ್ಟಿತು. ದೇಮಣ್ಣನ ಬೆನ್ನು ಹಾಸಿಗೆ ಬಿಟ್ಟು ಏಳಲಿಲ್ಲ.

ಮತ್ತೊಮ್ಮೆ ಕುಟ್ಟಿದ. ಮತ್ತೊಮ್ಮೆ ಕೊಟ್ಟರು.

"ಬಿಡು," ದೇಮಣ್ಣ ಅಂದ. "ಇವತ್ತ ನನಗ ಏಳೂ ಮನಸಿಲ್ಲ. ನಿದ್ದಿ ಬರಾಕತ್ತೈತಿ."

"ಹೂಂ," ಬಸ್ತ್ಯಾಂವ ಅಂದ. "ಮಕ್ಕೊ."

ಅವನು ಮಂಚದ ಎದುರು ನೆಲದ ಮೇಲೆ, ಪೆಟ್ಟಿಗೆ ಇದ್ದ ಜಾಗದ ಪಕ್ಕ, ಮುಖ ಮೇಲೆ ಮಾಡಿ ಕೂತ. ದೇಮಣ್ಣ ಕಣ್ಣು ಮುಚ್ಚಿದ್ದ, ನಿದ್ದೆಯಿರಲಿಲ್ಲ. ರುಕ್ಮವ್ವ ಒಲೆ ಸಣ್ಣಗೆ ಮಾಡಿ ಎದ್ದಳು. ಗೂಟಕ್ಕೆ ಹಾಕಿದ್ದ ಗಂಡನ ಅಂಗಿಗಳನ್ನು ಒಂದೊಂದಾಗಿ ಇಳಿಸಿ, ಝಾಡಿಸಿ, ಮಡಚಿ ಚೀಲದಲ್ಲಿಡತೊಡಗಿದಳು.